ಮೂರೂವರೆ, ಎರಡೂವರೆ: ಸ್ಟೆಂಟ್ ಹಾಕಿದ ಮೇಲೆ ಹೆಂಗಸರ ಹೃದಯಕ್ಕೆ ಏನಾಗುತ್ತದೆ?

ಚಿಂತಾಮಣಿ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ನನ್ನ ಮೆಡಿಕಲ್ ಸ್ಟೋರ್. ಬೆಂಗಳೂರಿಗೋ ಕೋಲಾರಕ್ಕೋ ಹೋಗಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದವರ ಫೈಲು ಎಷ್ಟೋ ಸಲ ಮನೆ ಸೇರುವ ಮುಂಚೆ ನನ್ನ ಗಾಜಿನ ಕೌಂಟರಿನ ಮೇಲೆ ಬಿಚ್ಚಿಕೊಳ್ಳುತ್ತದೆ. ಮಾತ್ರೆ ಕೊಡುವುದು ಐದು ನಿಮಿಷದ ಕೆಲಸ, ಫೈಲಿನಲ್ಲಿ ಏನಿದೆ ಅಂತ ಹೇಳುವುದಕ್ಕೆ ಅರ್ಧ ಗಂಟೆ.

ಹೋದ ವರ್ಷ ರತ್ನಮ್ಮ ಬಂದರು. ಹೆಸರು ಬದಲಿಸಿದ್ದೇನೆ. ಮುರುಗಮಲ್ಲದ ಕಡೆಯ ಹಳ್ಳಿ, 61 ವರ್ಷ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು, ಮೈಯಲ್ಲಿ ಹದಿನೈದು ವರ್ಷದ ಶುಗರ್. ಪ್ಲಾಸ್ಟಿಕ್ ಕವರಿನಿಂದ ಒಂದಲ್ಲ, ಎರಡು ಫೈಲು ತೆಗೆದಿಟ್ಟರು. ಒಂದು ಅವರದು. ಇನ್ನೊಂದು ಹಳೆಯದು, ಅಂಚು ಸವೆದದ್ದು, ಯಜಮಾನರದು. ಅವರಿಗೆ ಹನ್ನೆರಡು ವರ್ಷದ ಹಿಂದೆ, 55ರಲ್ಲಿ ಸ್ಟೆಂಟ್ ಆಗಿತ್ತು. ಎರಡೂ ಫೈಲಿನ ಹಿಂದಿನ ಹಾಳೆಯಲ್ಲಿ ಸ್ಟೆಂಟ್ ಡಬ್ಬಿಯಿಂದ ಕಿತ್ತು ಅಂಟಿಸಿದ ಸ್ಟಿಕ್ಕರ್ ಇತ್ತು. ಅದರಲ್ಲಿ ಸ್ಟೆಂಟಿನ ಅಗಲ, ಉದ್ದ ಅಚ್ಚಾಗಿರುತ್ತವೆ. ಯಜಮಾನರದು 3.5 ಇಂಟು 28. ರತ್ನಮ್ಮನದು 2.5 ಇಂಟು 28.

"ಅವ್ರದು ಮೂರೂವರೆ, ನಂದ್ಯಾಕಪ್ಪಾ ಎರಡೂವರೆ? ಹೆಂಗಸ್ರಿಗೆ ಕಮ್ಮೀದು ಹಾಕ್ತಾರಾ?"

ನಗು ಬಂತು. ಆದರೆ ಆಯಮ್ಮ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಸ್ಟೆಂಟ್ ಹಾಕಿದ ಮೇಲೆ ಗಂಡಸರು ಸುಧಾರಿಸಿಕೊಂಡಷ್ಟೇ ಹೆಂಗಸರೂ ಸುಧಾರಿಸಿಕೊಳ್ಳುತ್ತಾರಾ ಎಂದು ಹೃದ್ರೋಗ ತಜ್ಞರು ಮೂವತ್ತು ನಲವತ್ತು ವರ್ಷದಿಂದ ಲೆಕ್ಕ ಹಾಕುತ್ತಲೇ ಇದ್ದಾರೆ. ಒಂದೇ ಮಾತಿನ ಉತ್ತರ ಬೇಕಾದರೆ: ಸ್ವಲ್ಪ ಕಡಿಮೆ. ಯಾಕೆ ಕಡಿಮೆ ಅನ್ನುವುದಕ್ಕೆ ಒಂದೇ ಮಾತು ಸಾಲುವುದಿಲ್ಲ. ಆ ಎರಡೂವರೆ ಮಿಲಿಮೀಟರಿನಿಂದಲೇ ಶುರುಮಾಡೋಣ.

ಅದು ಕಮ್ಮಿ ದರ್ಜೆಯ ಸ್ಟೆಂಟ್ ಅಲ್ಲ. ರಕ್ತನಾಳ ಎಷ್ಟು ದಪ್ಪವೋ ಅಷ್ಟೇ ಅಳತೆಯದನ್ನು ಹಾಕುತ್ತಾರೆ, ಕಾಲಿನ ಸೈಜಿಗೆ ಚಪ್ಪಲಿ ಕೊಂಡಂತೆ. ಹೃದಯದ ಸ್ನಾಯುವಿಗೆ ರಕ್ತ ಕೊಡುವ ಕರೋನರಿ ನಾಳಗಳು ಹೆಂಗಸರಲ್ಲಿ ಸಣ್ಣ. ಮೈಕಟ್ಟು ಚಿಕ್ಕದು, ಅದಕ್ಕೇ ಇರಬೇಕು ಅಂದುಕೊಳ್ಳಬಹುದು. ಆದರೆ ಎತ್ತರ ತೂಕ ಒಂದೇ ಇರುವ ಗಂಡಸು ಹೆಂಗಸನ್ನು ಹೋಲಿಸಿದರೂ ಹೆಂಗಸಿನ ನಾಳ ತುಸು ಸಣ್ಣದೇ. ಮೂರೂವರೆಗೂ ಎರಡೂವರೆಗೂ ಒಂದು ಮಿಲಿಮೀಟರ್ ತಾನೇ ವ್ಯತ್ಯಾಸ ಅಂದರೆ ಲೆಕ್ಕ ತಪ್ಪುತ್ತದೆ. ರಕ್ತ ಹರಿಯುವುದು ನಾಳದ ಬಾಯಿಯ ವಿಸ್ತೀರ್ಣದಲ್ಲಿ. ಮೂರೂವರೆಯದಕ್ಕೆ ಸುಮಾರು 9.6 ಚದರ ಮಿಲಿಮೀಟರ್, ಎರಡೂವರೆಯದಕ್ಕೆ 4.9. ಅಂದರೆ ಅರ್ಧ.

ಸ್ಟೆಂಟ್ ಅಂದರೆ ಲೋಹದ ಬಲೆಯ ಸಣ್ಣ ಕೊಳವೆ. ಬಲೂನಿನ ಮೇಲೆ ಮಡಚಿ ಕೂರಿಸಿ, ಕೈನ ಅಥವಾ ತೊಡೆಯ ನಾಳದಿಂದ ತಂತಿಯ ಮೇಲೆ ತೂರಿಸಿಕೊಂಡು ಹೋಗಿ, ಬ್ಲಾಕ್ ಇರುವ ಕಡೆ ಬಲೂನ್ ಉಬ್ಬಿಸುತ್ತಾರೆ. ಬಲೆ ಅರಳಿ ನಾಳದ ಗೋಡೆಗೆ ಆತುಕೊಳ್ಳುತ್ತದೆ, ಬಲೂನ್ ಹೊರಗೆ ಬರುತ್ತದೆ. ಬರೀ ಬಲೂನಿನ ಚಿಕಿತ್ಸೆಯನ್ನು ಆಂಡ್ರಿಯಾಸ್ ಗ್ರುಂಟ್ಸಿಗ್ ಜ್ಯೂರಿಕ್‌ನಲ್ಲಿ 1977ರ ಸೆಪ್ಟೆಂಬರಿನಲ್ಲಿ ಮೊದಲು ಮಾಡಿದರು. ರೋಗಿ 38 ವರ್ಷದ ಒಬ್ಬ ಗಂಡಸು. 1986ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಜಾಕ್ ಪ್ಯುಯೆಲ್ ಮೊದಲ ಕರೋನರಿ ಸ್ಟೆಂಟ್ ಕೂರಿಸಿದರು.

ಮೈಗೆ ಲೋಹ ಪರಕೀಯ. ಗಾಯ ಮಾಯುವಾಗ ಚರ್ಮ ಕೂಡಿಕೊಳ್ಳುವಂತೆ ಸ್ಟೆಂಟಿನ ಒಳಗೂ ಅಂಗಾಂಶ ಬೆಳೆಯುತ್ತದೆ. ತೆಳ್ಳಗೆ ಬೆಳೆದರೆ ಒಳ್ಳೆಯದು, ಲೋಹ ಮುಚ್ಚಿಹೋಗುತ್ತದೆ. ಅತಿಯಾದರೆ ನಾಳ ಮತ್ತೆ ಕಿರಿದಾಗುತ್ತದೆ. ನಮ್ಮ ಕಡೆ ಇದನ್ನು ವಿವರಿಸುವುದು ಸುಲಭ. ಸಾವಿರ ಅಡಿ ಕೆಳಗಿನ ಬೋರ್‌ವೆಲ್ ನೀರಿನಿಂದ ಪೈಪಿನೊಳಗೆ ಉಪ್ಪು ಕಟ್ಟುವುದನ್ನು ನೋಡದ ರೈತ ಈ ಜಿಲ್ಲೆಯಲ್ಲಿಲ್ಲ. ಒಂದೇ ನೀರು, ಒಂದೇ ದಪ್ಪದ ಉಪ್ಪಿನ ಪೊರೆ. ಎರಡಿಂಚಿನ ಮೇನ್ ಪೈಪಿಗೆ ಅದು ಲೆಕ್ಕಕ್ಕಿಲ್ಲ, ಡ್ರಿಪ್ಪಿನ ಸಣ್ಣ ಪೈಪು ಮಾತ್ರ ಕಟ್ಟಿಕೊಂಡು ಸಾಲುಗಟ್ಟಲೆ ಟೊಮ್ಯಾಟೊ ಗಿಡ ಬಾಡುತ್ತವೆ. ಸ್ಟೆಂಟಿನೊಳಗೆ ಸುತ್ತಲೂ ಅರ್ಧ ಮಿಲಿಮೀಟರ್ ಅಂಗಾಂಶ ಬೆಳೆಯಿತು ಅನ್ನಿ. ಮೂರೂವರೆಯದರಲ್ಲಿ ಅರ್ಧದಷ್ಟು ದಾರಿ ಇನ್ನೂ ಉಳಿದಿರುತ್ತದೆ. ಎರಡೂವರೆಯದರಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಈ ಬೆಳವಣಿಗೆಯನ್ನು ತಡೆಯುವುದಕ್ಕೇ ಔಷಧ ಲೇಪಿಸಿದ ಸ್ಟೆಂಟ್ ಬಂದದ್ದು, 2002–03ರ ಹೊತ್ತಿಗೆ. ಮೊದಲು ಲೇಪಿಸಿದ ಸಿರೋಲಿಮಸ್ ಎಂಬ ಔಷಧದ ಮೂಲ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನ ಒಂದು ಸೂಕ್ಷ್ಮಜೀವಿ. ಔಷಧ ಮಾರುವವನಿಗೆ ಇಂಥ ಸಂಗತಿ ಯಾವಾಗಲೂ ಖುಷಿ ಕೊಡುತ್ತದೆ. ಈ ಸ್ಟೆಂಟ್ ಹೆಂಗಸರಿಗೆ ಕೆಲಸ ಮಾಡುತ್ತದಾ ಅನ್ನುವ ಅನುಮಾನ ಬಹಳ ದಿನ ಇತ್ತು. 2013ರಲ್ಲಿ 26 ಪ್ರಯೋಗಗಳಿಂದ ಹೆಂಗಸರನ್ನಷ್ಟೇ ಆರಿಸಿ, 11,557 ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಅದು ತೀರಿತು. ಬರೀ ಲೋಹದ್ದಕ್ಕಿಂತ ಔಷಧದ ಸ್ಟೆಂಟ್ ಮೇಲು, ಅದರಲ್ಲೂ ಎರಡನೇ ಪೀಳಿಗೆಯದು ಇನ್ನೂ ಸುರಕ್ಷಿತ. ಹಾಗಾಗಿ "ಹೆಂಗಸರಿಗೆ ಸ್ಟೆಂಟ್ ಆಗಿಬರಲ್ಲ" ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನು ಗಂಡಸರಿಗೆ ಹೋಲಿಸಿದ ಲೆಕ್ಕ. 2020ರಲ್ಲಿ ಹೊರಬಂದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ 21 ಪ್ರಯೋಗಗಳ 32,877 ಜನರನ್ನು ಐದು ವರ್ಷದವರೆಗೆ ಹಿಂಬಾಲಿಸಿದ ಮಾಹಿತಿ ಇದೆ. ಹೃದಯದ ಕಾರಣದ ಸಾವು, ಮತ್ತೊಂದು ಹಾರ್ಟ್ ಅಟ್ಯಾಕ್, ಅದೇ ಜಾಗಕ್ಕೆ ಮತ್ತೆ ಚಿಕಿತ್ಸೆ, ಈ ಮೂರರಲ್ಲಿ ಒಂದಾದರೂ ಆದದ್ದು ಹೆಂಗಸರಲ್ಲಿ ನೂರಕ್ಕೆ 19ರ ಹತ್ತಿರ, ಗಂಡಸರಲ್ಲಿ 18ರ ಹತ್ತಿರ. ವ್ಯತ್ಯಾಸ ಭಯಂಕರವಾದದ್ದೇನೂ ಅಲ್ಲ. ಸಾವನ್ನಷ್ಟೇ ತೆಗೆದುಕೊಂಡರೆ ಹೆಂಗಸರೇ ಹೆಚ್ಚು ಸತ್ತಿದ್ದರು. ಆದರೆ ವಯಸ್ಸು, ಶುಗರ್, ಬಿಪಿ ಮುಂತಾದವನ್ನು ಸರಿದೂಗಿಸಿದ ಮೇಲೆ ಸಾವಿನ ವ್ಯತ್ಯಾಸ ಮಾಯವಾಯಿತು. ಹಾಗೆ ಸರಿದೂಗಿಸಿದರೂ ಮಾಯವಾಗದೆ ಉಳಿದದ್ದು ಅದೇ ಜಾಗಕ್ಕೆ ಮತ್ತೆ ಚಿಕಿತ್ಸೆ ಬೇಕಾಗುವುದು.

'ಸರಿದೂಗಿಸುವುದು' ಅಂದರೇನು ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ಈ ವಿಷಯದ ಗಂಟು ಇರುವುದೇ ಅಲ್ಲಿ. ಯಜಮಾನರಿಗೆ ಸ್ಟೆಂಟ್ ಆದಾಗ 55, ಶುಗರ್ ಇರಲಿಲ್ಲ, ಬೀಡಿ ಇತ್ತು. ರತ್ನಮ್ಮನಿಗೆ 61, ಶುಗರ್ ಇದೆ, ಬಿಪಿ ಇದೆ, ಹಿಮೋಗ್ಲೋಬಿನ್ ಹತ್ತೂವರೆ. ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ "ನೋಡಿ, ಹೆಂಗಸರಿಗೆ ಕಷ್ಟ ಜಾಸ್ತಿ" ಅನ್ನುವುದು ನ್ಯಾಯವಲ್ಲ. 61 ವರ್ಷದ, ಶುಗರ್ ಬಿಪಿ ಇರುವ, ಹತ್ತೂವರೆ ಹಿಮೋಗ್ಲೋಬಿನ್ನಿನ ಗಂಡಸನ್ನು ತಂದು ನಿಲ್ಲಿಸಿ ಹೋಲಿಸಬೇಕು. ಸಂಖ್ಯಾಶಾಸ್ತ್ರ ಕಾಗದದ ಮೇಲೆ ಮಾಡುವುದು ಇದನ್ನೇ. ಹಾಗೆ ಮಾಡಿದಾಗ ಅಂತರದ ಬಹುಪಾಲು ಕರಗುತ್ತದೆ, ಸರಿ. ಆದರೆ ಅಂಥ ಗಂಡಸು ಕಾಗದದ ಮೇಲಿದ್ದಾನೆ, ರತ್ನಮ್ಮ ನನ್ನ ಕೌಂಟರಿನ ಮುಂದಿದ್ದಾರೆ. ಅವರ ಶುಗರ್, ಅವರ ರಕ್ತಹೀನತೆ, ಅವರು ಆಸ್ಪತ್ರೆಗೆ ತಡವಾಗಿ ಹೋದದ್ದು, ಇವನ್ನೆಲ್ಲ ಲೆಕ್ಕದಿಂದ ಕಳೆದು "ಹೆಣ್ಣಾದ್ದರಿಂದ ತೊಂದರೆ ಇಲ್ಲ" ಅಂದರೆ ಅದು ಸಂಶೋಧಕರಿಗೆ ಸಮಾಧಾನ. ನನಗಂತೂ ಆ ಕಳೆದುಹಾಕಿದ ಪಟ್ಟಿಯೇ ಮುಖ್ಯವಾಗಿ ಕಾಣುತ್ತದೆ. ಸ್ಟೆಂಟಿಗೆ ಸಂಬಂಧವೇ ಇಲ್ಲದ ಆ ಕಾರಣಗಳಲ್ಲೇ ಹೆಚ್ಚಿನ ವ್ಯತ್ಯಾಸ ಅಡಗಿದೆ, ಮತ್ತು ಅವುಗಳಲ್ಲಿ ಹಲವನ್ನು ಬದಲಾಯಿಸಬಹುದು.

ತಡದಿಂದ ಶುರುಮಾಡುತ್ತೇನೆ. ಇದರಲ್ಲಿ ನನ್ನ ತಪ್ಪೂ ಇದೆ.

ಅಟ್ಯಾಕ್ ಆದ ದಿನ ಬೆಳಿಗ್ಗೆ ಐದಕ್ಕೆ ರತ್ನಮ್ಮನಿಗೆ ಬೆನ್ನಿನ ಮಧ್ಯದಲ್ಲಿ ಹಿಡಿದುಕೊಂಡಂತೆ ಆಗಿದೆ. ಎದೆ ಭಾರ, ಹೊಟ್ಟೆ ತೊಳಸು, ತಣ್ಣನೆ ಬೆವರು. ಹಸು ಕೆಚ್ಚಲು ಬಿಗಿದು ಕೂಗುತ್ತಿತ್ತು, ಹಾಲು ಕರೆದರು. ಡೈರಿಗೆ ಹೋಗಿ ಹಾಲು ಹಾಕಿ, ಪುಸ್ತಕದಲ್ಲಿ ಬರೆಸಿಕೊಂಡು ಬಂದರು. ಮುದ್ದೆಗೆ ಎಸರಿಟ್ಟರು. ಒಂಬತ್ತೂವರೆಗೆ ಮೊಮ್ಮಗನ ಜತೆ ಬೈಕಿನಲ್ಲಿ ಚಿಂತಾಮಣಿಗೆ ಬಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು "ಗ್ಯಾಸ್ ಆಗಿದೆ, ಒಂದು ಮಾತ್ರೆ ಕೊಡಪ್ಪಾ" ಅಂದರು. ಕೊಟ್ಟೆ. ಪ್ಯಾಂಟೊಪ್ರಜೋಲ್ ಮಾತ್ರೆ, ಒಂದು ಬಾಟಲಿ ಗ್ಯಾಸಿನ ಸಿರಪ್. ಅವರ ಯಜಮಾನರು ಬಂದು ಅದೇ ಮಾತು ಹೇಳಿದ್ದರೆ ನೇರ ಇಸಿಜಿಗೆ ಕಳಿಸುತ್ತಿದ್ದೆ. ಆವತ್ತು ಸಂಜೆ ಇದು ಹೊಳೆದಾಗ ಊಟ ಸೇರಲಿಲ್ಲ. ಮಧ್ಯಾಹ್ನ ಎರಡಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಆದಾಗ ಒಂಬತ್ತು ಗಂಟೆ ಕಳೆದಿತ್ತು.

ನಾನೊಬ್ಬನೇ ಹೀಗೆ ಮಾಡುವವನಲ್ಲ ಅನ್ನುವುದಕ್ಕೆ ಲೆಕ್ಕವಿದೆ. ಅಮೆರಿಕ ಮತ್ತು ಸ್ಪೇನ್‌ನಲ್ಲಿ 55 ವರ್ಷದೊಳಗಿನ ಹಾರ್ಟ್ ಅಟ್ಯಾಕ್ ರೋಗಿಗಳ ಮೇಲೆ 'ವರ್ಗೋ' ಎಂಬ ಅಧ್ಯಯನ ನಡೆಯಿತು. ಬೇಕೆಂದೇ ಒಬ್ಬ ಗಂಡಸಿಗೆ ಇಬ್ಬರು ಹೆಂಗಸರಂತೆ ಸೇರಿಸಿಕೊಂಡರು. ಅಟ್ಯಾಕಿಗೆ ಮುಂಚೆ ಲಕ್ಷಣ ಕಾಣಿಸಿ ವೈದ್ಯರ ಹತ್ತಿರ ಹೋಗಿದ್ದವರಲ್ಲಿ ನೂರಕ್ಕೆ 53 ಹೆಂಗಸರು "ಇದು ಹೃದಯದ್ದು ಅಂತ ಅವರು ಅಂದುಕೊಳ್ಳಲಿಲ್ಲ" ಎಂದರು. ಗಂಡಸರಲ್ಲಿ ಹಾಗೆ ಹೇಳಿದವರು ನೂರಕ್ಕೆ 37. ಅದೇ ಅಧ್ಯಯನ ಇನ್ನೊಂದು ನಂಬಿಕೆಯನ್ನೂ ಮುರಿಯಿತು. ಹೆಂಗಸರಿಗೆ ಎದೆನೋವೇ ಬರುವುದಿಲ್ಲ ಎಂಬ ಮಾತಿದೆಯಲ್ಲ, ಅದು ನಿಜವಲ್ಲ. ಹತ್ತಿರ ಹತ್ತಿರ ನೂರಕ್ಕೆ 90 ಜನರಿಗೆ, ಗಂಡಸಿರಲಿ ಹೆಂಗಸಿರಲಿ, ಎದೆಯಲ್ಲಿ ಏನಾದರೊಂದು ಬಗೆಯ ನೋವು, ಒತ್ತಡ, ಬಿಗಿತ ಇತ್ತು. ಹೆಂಗಸರಲ್ಲಿ ಅದರ ಜತೆಗೆ ಬೆನ್ನು, ದವಡೆ, ಕತ್ತು, ಹೊಟ್ಟೆ ತೊಳಸು, ಸುಸ್ತು ಹೀಗೆ ಮೂರು ನಾಲ್ಕು ಸೇರಿಕೊಂಡಿರುತ್ತವೆ. ಕೇಳುವವನ ಕಿವಿಗೆ ಕೊನೆಯದಾಗಿ ಹೇಳಿದ ಗ್ಯಾಸ್ ಮಾತ್ರ ಬೀಳುತ್ತದೆ.

ರಕ್ತಪರೀಕ್ಷೆಯಲ್ಲೂ ಇದರ ನೆರಳು ಇದೆ. ಹೃದಯದ ಸ್ನಾಯು ಸಾಯುವಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ಅಳೆದು ಅಟ್ಯಾಕ್ ಗುರುತಿಸುತ್ತಾರೆ. ಆರೋಗ್ಯವಂತ ಹೆಂಗಸರಲ್ಲಿ ಅದು ಗಂಡಸರಿಗಿಂತ ಕಡಿಮೆ. ಹೆಚ್ಚು ಬಳಕೆಯಲ್ಲಿರುವ ಒಂದು ಸೂಕ್ಷ್ಮ ಟೆಸ್ಟಿನಲ್ಲಿ ಲೀಟರಿಗೆ ಗಂಡಸರಿಗೆ 34 ನ್ಯಾನೋಗ್ರಾಂ ಗಡಿ, ಹೆಂಗಸರಿಗೆ 16. ಇಬ್ಬರಿಗೂ ಒಂದೇ ಗಡಿ ಇಟ್ಟರೆ ಕೆಲವು ಹೆಂಗಸರು ಜಾಲರಿಯಿಂದ ಸೋರಿಹೋಗುತ್ತಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮೊದಲ ಮಹಿಳಾ ಮುಖ್ಯಸ್ಥೆ ಬರ್ನಡೀನ್ ಹೀಲಿ ಗಂಡಸಿನ ಅಳತೆಗೋಲಿನಲ್ಲಿ ಹೆಂಗಸನ್ನು ಅಳೆಯುವುದನ್ನು 1991ರಲ್ಲೇ ಎತ್ತಿ ಆಡಿದ್ದರು. ತನ್ನ ಕಾಯಿಲೆ ಗಂಡಸಿನ ಕಾಯಿಲೆಯ ಹಾಗೆಯೇ ಇದೆ ಎಂದು ತೋರಿಸಿಕೊಟ್ಟ ಮೇಲಷ್ಟೇ ಹೆಂಗಸಿಗೆ ಗಂಡಸಿನಷ್ಟು ಚಿಕಿತ್ಸೆ ಸಿಗುತ್ತದೆ ಎಂಬುದು ಅವರ ವಾದ.

ತಡವಾದಷ್ಟೂ ಸ್ನಾಯು ಸಾಯುತ್ತದೆ. ಸ್ಟೆಂಟ್ ನಾಳ ತೆರೆಯುತ್ತದೆ, ಸತ್ತ ಸ್ನಾಯುವನ್ನು ಎಬ್ಬಿಸುವುದಿಲ್ಲ. ಚಿಂತಾಮಣಿಯಿಂದ ಎಚ್ ಕ್ರಾಸ್, ಹೊಸಕೋಟೆ ದಾರಿಯಲ್ಲಿ ಬೆಂಗಳೂರು ಹೆಚ್ಚು ಕಮ್ಮಿ 75 ಕಿಲೋಮೀಟರ್. ಟ್ರಾಫಿಕ್ಕಿನ ಮಾತು ಬೇರೆ. ಈ ದೂರಕ್ಕೆಂದೇ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರು ಅದನ್ನು ನೋಡಿ, ದೊಡ್ಡ ಅಟ್ಯಾಕ್ ಅಂತಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಟ್ಟು ಮುಂದೆ ಕಳಿಸುತ್ತಾರೆ. ಒಳ್ಳೆಯ ಏರ್ಪಾಡು. ಆದರೆ ಅದು ಶುರುವಾಗುವುದು ಇಸಿಜಿ ಟೇಬಲ್ಲಿನಿಂದ. ಹಾಲು ಕರೆದು, ಮುದ್ದೆ ತೊಳಸಿ, ನನ್ನಂಥವನ ಹತ್ತಿರ ಗ್ಯಾಸಿನ ಸಿರಪ್ ಕುಡಿದು ಆ ಟೇಬಲ್ಲಿಗೆ ಹೋಗುವಷ್ಟರಲ್ಲಿ ಯೋಜನೆಯ ಕೈಯಲ್ಲಿ ಉಳಿಯುವುದು ಸ್ವಲ್ಪವೇ.

ಕಾಯಿಲೆಯ ಬುಡಕ್ಕೆ ಬರೋಣ. ಮುಟ್ಟು ನಿಲ್ಲುವವರೆಗೆ ಹೆಂಗಸರಿಗೆ ಒಂದು ರಕ್ಷೆ ಇರುತ್ತದೆ, ಹಾಗಾಗಿ ಹೃದ್ರೋಗ ಗಂಡಸರಿಗಿಂತ ಏಳರಿಂದ ಹತ್ತು ವರ್ಷ ತಡವಾಗಿ ಬರುತ್ತದೆ. ಶುಗರ್ ಬಂದರೆ ಈ ರಕ್ಷೆ ಬಹುಪಾಲು ಕಳಚಿಬೀಳುತ್ತದೆ. ಶುಗರ್ ಇಬ್ಬರಿಗೂ ಹೃದ್ರೋಗದ ಅಪಾಯ ಹೆಚ್ಚಿಸುವುದು ನಿಜ, ಆದರೆ ಹೆಂಗಸರಲ್ಲಿ ಆ ಏರಿಕೆ ಗಂಡಸರಿಗಿಂತ ಶೇ 44ರಷ್ಟು ಜಾಸ್ತಿ ಎಂದು 2014ರ ಒಂದು ಸಮಗ್ರ ವಿಶ್ಲೇಷಣೆ ಹೇಳಿತು. ಬಸುರಿಯಲ್ಲಿ ಬಿಪಿ ಏರಿ ನಂಜಾಗಿದ್ದವರಿಗೆ, ಆಗ ಶುಗರ್ ಕಾಣಿಸಿಕೊಂಡು ಹೆರಿಗೆ ಆದಮೇಲೆ ಹೋದವರಿಗೆ ಮುಂದೆ ಹೃದ್ರೋಗದ ಸಾಧ್ಯತೆ ಹೆಚ್ಚು. ಮೂವತ್ತು ವರ್ಷದ ಹಿಂದಿನ ಬಾಣಂತನದ ಕಥೆ ಹೃದಯದ ಡಾಕ್ಟರಿಗೆ ಯಾಕೆ ಅಂತ ಹೆಂಗಸರು ಸುಮ್ಮನಿರುತ್ತಾರೆ, ಡಾಕ್ಟರೂ ಕೇಳುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಸಂಗತಿ ಇದೆ: ಮೂವತ್ತೈದು ನಲವತ್ತಕ್ಕೇ ಗರ್ಭಕೋಶ ತೆಗೆಸಿಕೊಂಡವರು. ಜತೆಗೆ ಎರಡೂ ಅಂಡಾಶಯ ತೆಗೆದಿದ್ದರೆ ಆ ರಕ್ಷೆ ಅವತ್ತೇ ಮುಗಿಯಿತು. "ಹೊಟ್ಟೆ ಆಪರೇಷನ್ ಆಗಿದೆ" ಎಂದಷ್ಟೇ ಹೇಳಬೇಡಿ, ಏನು ತೆಗೆದರು, ಯಾವ ವಯಸ್ಸಿನಲ್ಲಿ ಅಂತಲೂ ಹೇಳಿ.

ಚಿಕ್ಕ ವಯಸ್ಸಿನ ಹೆಂಗಸರ ವಿಚಾರ ಬೇರೆಯೇ. 1999ರಲ್ಲಿ ಅಮೆರಿಕದ 3.8 ಲಕ್ಷಕ್ಕೂ ಹೆಚ್ಚು ಹಾರ್ಟ್ ಅಟ್ಯಾಕ್ ರೋಗಿಗಳ ದಾಖಲೆ ನೋಡಿದಾಗ, 50ರೊಳಗಿನ ಹೆಂಗಸರು ಅದೇ ವಯಸ್ಸಿನ ಗಂಡಸರಿಗಿಂತ ಎರಡು ಪಟ್ಟಿಗೂ ಮೇಲೆ ಆಸ್ಪತ್ರೆಯಲ್ಲೇ ಸತ್ತಿದ್ದರು. ವಯಸ್ಸು ಏರಿದಂತೆ ಅಂತರ ಕಡಿಮೆಯಾಗುತ್ತಾ ಹೋಗಿತ್ತು. ಅದು ಸ್ಟೆಂಟ್ ಇನ್ನೂ ಮಾಮೂಲಾಗದ ಕಾಲದ ಲೆಕ್ಕ ನಿಜ. ಆದರೆ ಕಿರಿಯ ಹೆಂಗಸರದು ಬೇರೆ ಬಗೆಯ ಕಾಯಿಲೆ ಇರಬಹುದು ಎಂಬ ಹುಡುಕಾಟಕ್ಕೆ ಅದು ಬಲ ಕೊಟ್ಟಿತು. ಅಂಥ ಒಂದು ಕಾಯಿಲೆಯಲ್ಲಿ ನಾಳದಲ್ಲಿ ಕೊಬ್ಬು ಕಟ್ಟಿರುವುದೇ ಇಲ್ಲ, ನಾಳದ ಗೋಡೆಯ ಪದರ ತಾನಾಗಿ ಸೀಳಿಕೊಳ್ಳುತ್ತದೆ. ಸೀಳಿನೊಳಗೆ ರಕ್ತ ನುಗ್ಗಿ ದಾರಿ ಮುಚ್ಚುತ್ತದೆ. ಹೀಗಾಗುವವರಲ್ಲಿ ನೂರಕ್ಕೆ 90ರಷ್ಟು ಹೆಂಗಸರೇ, ಬಾಣಂತಿಯರೂ ಇರುತ್ತಾರೆ. ಇಲ್ಲಿ ಸ್ಟೆಂಟ್ ಹಾಕಲು ಹೋದರೆ ಸೀಳು ಇನ್ನೂ ಉದ್ದವಾಗುವ ಭಯ. ರಕ್ತದ ಹರಿವು ಸುಮಾರಾಗಿದ್ದರೆ ಹಾಗೇ ಬಿಟ್ಟು ಕಾಯುತ್ತಾರೆ, ಹೆಚ್ಚಿನವು ಕೆಲವು ವಾರದಲ್ಲಿ ತಾವೇ ಕೂಡಿಕೊಳ್ಳುತ್ತವೆ. ಇನ್ನು ಕೆಲವರಿಗೆ ಆಂಜಿಯೋಗ್ರಾಂನಲ್ಲಿ ಬ್ಲಾಕೇ ಕಾಣುವುದಿಲ್ಲ. ತೊಂದರೆ ಕ್ಯಾಮೆರಾಗೆ ಕಾಣದ ಸಣ್ಣ ಸಣ್ಣ ನಾಳಗಳಲ್ಲಿರುತ್ತದೆ. ಇದೂ ಹೆಂಗಸರಲ್ಲೇ ಹೆಚ್ಚು. "ಆಂಜಿಯೋಗ್ರಾಂ ನಾರ್ಮಲ್, ಏನೂ ಇಲ್ಲ, ಟೆನ್ಷನ್ ಅಷ್ಟೇ" ಎಂದು ಬರಿಗೈಯಲ್ಲಿ ಮನೆಗೆ ಬರುವವರಲ್ಲಿ ಇವರೂ ಇದ್ದಾರೆ.

ಈಗ ರಕ್ತಸ್ರಾವ. ಸ್ಟೆಂಟ್ ಹಾಕುವಾಗ, ಹಾಕಿದ ಮೇಲೆ, ರಕ್ತ ಹೆಪ್ಪುಗಟ್ಟದ ಹಾಗೆ ಔಷಧ ಕೊಡಲೇಬೇಕು. ಕೊಡದಿದ್ದರೆ ಸ್ಟೆಂಟೇ ಹೆಪ್ಪುಗಟ್ಟಿ ಮುಚ್ಚಿಕೊಳ್ಳಬಹುದು. ಕೊಟ್ಟರೆ ಬೇರೆಲ್ಲೋ ರಕ್ತ ಸೋರಬಹುದು. ಈ ಸೋರುವ ಕಷ್ಟ ಹೆಂಗಸರಲ್ಲಿ ಗಂಡಸರ ಸುಮಾರು ಎರಡರಷ್ಟು ಎಂದು ಒಂದಾದ ಮೇಲೊಂದು ಅಧ್ಯಯನ ತೋರಿಸಿದೆ. ಕಾರಣ ಹಲವು. ತೂಕ ಕಡಿಮೆ, ಆದರೆ ಡೋಸ್ ಕೆಲವು ಸಲ ಗಂಡಸಿನದೇ. ಕಿಡ್ನಿ ಔಷಧವನ್ನು ನಿಧಾನ ಹೊರಹಾಕುತ್ತದೆ. ತೊಡೆಯ ನಾಳದಿಂದ ಹೋದರೆ ಅಲ್ಲಿ ರಕ್ತ ಕಟ್ಟಿಕೊಳ್ಳುವ ಸಂಭವ ಹೆಚ್ಚು. ಮಣಿಕಟ್ಟಿನ ನಾಳದಿಂದ ಹೋದರೆ ಈ ತೊಂದರೆ ಬಹಳ ತಗ್ಗುತ್ತದೆ, ಹೆಂಗಸರಿಗಂತೂ ಇದರ ಲಾಭ ಹೆಚ್ಚು. ವಿಚಿತ್ರವೆಂದರೆ ಹೆಂಗಸರ ಮಣಿಕಟ್ಟಿನ ನಾಳ ಸಣ್ಣ, ಬೇಗ ಮುದುಡಿಕೊಳ್ಳುತ್ತದೆ. ಹಾಗಾಗಿ ಯಾರಿಗೆ ಹೆಚ್ಚು ಲಾಭವೋ ಅವರಿಗೇ ಅದು ಕೈಕೊಡುವುದೂ ಹೆಚ್ಚು. ರತ್ನಮ್ಮನಿಗೆ ಕೈಯಿಂದ ಶುರುಮಾಡಿ ಕೊನೆಗೆ ತೊಡೆಯಿಂದಲೇ ಮುಗಿಸಿದರು ಅಂತ ಫೈಲಿನಲ್ಲಿದೆ. ತೊಡೆಯ ಮೇಲೆ ಅಂಗೈ ಅಗಲದ ನೇರಳೆ ಕಲೆ ಹದಿನೈದು ದಿನ ಇತ್ತಂತೆ.

ಇದರ ಮೇಲೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ. ರಕ್ತಸ್ರಾವದ ಅಪಾಯ ಯಾರಿಗೆ ಹೆಚ್ಚು ಎಂದು ಗುರುತಿಸುವ 2019ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇರುವುದು ದೊಡ್ಡ ಅಂಶ. ರತ್ನಮ್ಮನದು ಹತ್ತೂವರೆ ಅಂದೆನಲ್ಲ. ಒಂದು ಮಾನದಂಡದಿಂದಲೇ ಅವರು ಅಪಾಯದ ಪಟ್ಟಿಗೆ ಸೇರಿಬಿಟ್ಟರು. ಡಾಕ್ಟರು ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳ ಜೋಡಿಯನ್ನು (ಆಸ್ಪಿರಿನ್, ಜತೆಗೆ ಕ್ಲೋಪಿಡೋಗ್ರೆಲ್‌ನಂಥ ಇನ್ನೊಂದು) ಎಷ್ಟು ತಿಂಗಳು ಕೊಡಬೇಕು ಎಂದು ಯೋಚಿಸುವಾಗ ಇದನ್ನೆಲ್ಲ ನೋಡುತ್ತಾರೆ. ಮಾಮೂಲಿ ಲೆಕ್ಕ ಅಟ್ಯಾಕ್ ಆದವರಿಗೆ ಒಂದು ವರ್ಷ, ಅಟ್ಯಾಕ್ ಇಲ್ಲದೆ ಹಾಕಿಸಿಕೊಂಡವರಿಗೆ ಆರು ತಿಂಗಳು. ರಕ್ತಸ್ರಾವದ ಭಯ ಇದ್ದರೆ ಕಡಿಮೆ ಮಾಡುತ್ತಾರೆ. ಎಷ್ಟು ಅನ್ನುವುದು ಡಾಕ್ಟರ ತೀರ್ಮಾನ, ಪಕ್ಕದ ಮನೆಯವರದೂ ಅಲ್ಲ, ನನ್ನದೂ ಅಲ್ಲ. ಈ ಜೋಡಿಯಲ್ಲಿ ಕೊಡುವ ಪ್ರಾಸುಗ್ರೆಲ್ ಎಂಬ ಮಾತ್ರೆ ಇದೆ, 60 ಕಿಲೋಗಿಂತ ಕಡಿಮೆ ತೂಕದವರಿಗೆ ಅದನ್ನು ಹತ್ತರ ಬದಲು ಐದು ಮಿಲಿಗ್ರಾಂ ಕೊಡುತ್ತಾರೆ. ಈ ತಾಲ್ಲೂಕಿನಲ್ಲಿ 60 ಕಿಲೋ ದಾಟಿದ ಹೆಂಗಸರನ್ನು ಹುಡುಕಬೇಕು. ಅದಕ್ಕೇ ಆ ಮಾತ್ರೆಯ ಚೀಟಿ ಬಂದಾಗಲೆಲ್ಲ ತೂಕ ಎಷ್ಟು ಅಂತ ಕೇಳುತ್ತೇನೆ. ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ.

ನನ್ನ ಕೌಂಟರಿನಲ್ಲಿ ನಿಜವಾದ ಯುದ್ಧ ನಡೆಯುವುದು ಮಂಡಿನೋವಿನ ಮಾತ್ರೆಗೆ. ಸ್ಟೆಂಟ್ ಆದ ಹೆಂಗಸರಲ್ಲಿ ಹೆಚ್ಚಿನವರಿಗೆ ಮಂಡಿನೋವು ಇರುತ್ತದೆ. ಡೈಕ್ಲೋಫೆನಾಕ್ ಹೆಸರು ಗೊತ್ತಿಲ್ಲದಿದ್ದರೂ ಅದರ ಬಣ್ಣ ಗೊತ್ತು, "ಆ ಕೆಂಪು ಮಾತ್ರೆ" ಅನ್ನುತ್ತಾರೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತಿನ್ನುತ್ತಿರುವವರು ಅದರ ಮೇಲೆ ಇದನ್ನೂ ನುಂಗಿದರೆ ಹೊಟ್ಟೆಯೊಳಗೆ ರಕ್ತ ಸೋರುವುದಕ್ಕೆ ದಾರಿ ಮಾಡಿಕೊಟ್ಟ ಹಾಗೆ. ಜತೆಗೆ ಹೃದಯಕ್ಕೂ ಒಳ್ಳೆಯದಲ್ಲ. ಐಬುಪ್ರೊಫೆನ್ ಆಸ್ಪಿರಿನ್ನಿನ ಕೆಲಸಕ್ಕೇ ಅಡ್ಡಬರುತ್ತದೆ. ಕೊಡುವುದಿಲ್ಲ ಅಂದರೆ ಮುಂದಿನ ಅಂಗಡಿಗೆ ಹೋಗುತ್ತಾರೆ. ಕಪ್ಪಗೆ ಟಾರಿನ ಹಾಗೆ ಮಲ ಹೋದರೆ ತಕ್ಷಣ ಆಸ್ಪತ್ರೆಗೆ ಹೋಗಿ ಅಂತ ಹೇಳಿ ಕಳಿಸುವುದಷ್ಟೇ ನನ್ನ ಕೈಯಲ್ಲಿರುವುದು. ಗ್ಯಾಸಿನ ಮಾತ್ರೆಯಲ್ಲೂ ಒಂದು ಸೂಕ್ಷ್ಮ ಇದೆ. ಕ್ಲೋಪಿಡೋಗ್ರೆಲ್ ಯಕೃತ್ತಿನಲ್ಲಿ ಬದಲಾದ ಮೇಲೆಯೇ ಕೆಲಸ ಮಾಡುವ ಔಷಧ. ಒಮೆಪ್ರಜೋಲ್ ಆ ಬದಲಾವಣೆಯನ್ನು ತಡೆಯುತ್ತದೆ. ಪ್ಯಾಂಟೊಪ್ರಜೋಲ್ ಅಷ್ಟು ತಡೆಯುವುದಿಲ್ಲ. ಎರಡೂ ಗ್ಯಾಸಿನ ಮಾತ್ರೆಯೇ, ಯಾವುದಾದರೇನು ಅಂತ ಅದಲು ಬದಲು ಮಾಡಬೇಡಿ.

ಮಾತ್ರೆ ಬಿಡುವುದಕ್ಕೂ ಹೆಂಗಸರಿಗೆ ಬೇರೆ ಕಾರಣಗಳಿರುತ್ತವೆ. ಬಿಪಿಗೆ ಕೊಡುವ ರಾಮಿಪ್ರಿಲ್‌ನಿಂದ ಬರುವ ಒಣಕೆಮ್ಮು ಹೆಂಗಸರಲ್ಲಿ ಹೆಚ್ಚು. ಕೊಲೆಸ್ಟ್ರಾಲ್ ಮಾತ್ರೆಯಿಂದ ಮೈಕೈ ನೋವು ಎಂದು ಹೇಳುವವರಲ್ಲೂ ಅವರೇ ಮುಂದೆ. ಬದಲಿ ಔಷಧ ಇದೆ, ಕೇಳಿದರೆ ಡಾಕ್ಟರು ಬರೆದುಕೊಡುತ್ತಾರೆ. ಆದರೆ ಕೇಳುವುದಕ್ಕೆ ಬೆಂಗಳೂರಿಗೆ ಹೋಗಬೇಕು, ಯಾರಾದರೂ ಜತೆಗೆ ಬರಬೇಕು, ಅವತ್ತು ಹಾಲು ಯಾರು ಕರೆಯುವುದು? ಸುಮ್ಮನೆ ಮಾತ್ರೆ ಬಿಟ್ಟುಬಿಡುತ್ತಾರೆ. ಕೆಮ್ಮು ತರಿಸುವ ಮಾತ್ರೆ ಬಿಡುವಾಗ ಅದು ಯಾವುದು ಅಂತ ಗೊತ್ತಾಗದೆ ಕ್ಲೋಪಿಡೋಗ್ರೆಲ್ಲನ್ನೂ ಬಿಟ್ಟವರನ್ನು ನೋಡಿದ್ದೇನೆ. ಹೊಸ ಸ್ಟೆಂಟಿನ ಮೊದಲ ತಿಂಗಳುಗಳಲ್ಲಿ ಅದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ.

ಡಾಕ್ಟರುಗಳಿಗೂ ಪೂರ್ತಿ ದಾರಿ ಕಾಣುತ್ತಿಲ್ಲ ಅನ್ನುವುದನ್ನು ಒಪ್ಪಬೇಕು. ಮೇಲೆ ಹೇಳಿದ 32,877 ಜನರಲ್ಲಿ ಹೆಂಗಸರು ನೂರಕ್ಕೆ 28 ಮಾತ್ರ. ಸ್ಟೆಂಟಿನ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಇಷ್ಟೇ ಇರುತ್ತಾರೆ. ಡೋಸು, ಅವಧಿ, ಗಡಿ ಎಲ್ಲವೂ ಬಹುಪಾಲು ಗಂಡಸರ ಮೈಯಲ್ಲಿ ಪರೀಕ್ಷೆಯಾಗಿ ಬಂದದ್ದು.

ಸ್ಟೆಂಟ್ ಆದ ಮೇಲಿನ ವ್ಯಾಯಾಮ, ಆಹಾರ, ಧೈರ್ಯ ಹೇಳುವ ಪುನಶ್ಚೇತನ ಕಾರ್ಯಕ್ರಮಗಳಿಗೆ ಹೆಂಗಸರನ್ನು ಕಳಿಸುವುದೂ ಕಡಿಮೆ, ಕಳಿಸಿದರೂ ಅವರು ಹೋಗುವುದು ಕಡಿಮೆ. ಇದು ಮುಂದುವರಿದ ದೇಶಗಳ ಮಾತು. ನಮ್ಮ ಹಳ್ಳಿಯ ಮನೆಗಳಲ್ಲಿ ನಾನು ಕಂಡದ್ದು: ಗಂಡಸಿಗೆ ಸ್ಟೆಂಟ್ ಆದರೆ ಮೂರು ತಿಂಗಳು ಜಗಲಿಯ ಮೇಲೆ ಕುರ್ಚಿ, ಬಂದವರೆಲ್ಲ "ಭಾರ ಎತ್ತಬೇಡಿ" ಅನ್ನುತ್ತಾರೆ. ಹೆಂಗಸಿಗೆ ಆದರೆ ಎಂಟನೇ ದಿನ ಕೈಯಲ್ಲಿ ನೀರಿನ ಬಿಂದಿಗೆ. ಇವೆರಡರಲ್ಲಿ ಯಾವುದೂ ಡಾಕ್ಟರು ಹೇಳಿದ್ದಲ್ಲ. ದಿನ ಅರ್ಧ ಗಂಟೆ ಬೀಸು ನಡಿಗೆ ನಡೆಯಿರಿ ಅನ್ನುವುದು ಅವರ ಮಾತು. ಅದನ್ನು ಕುರ್ಚಿಯವರೂ ಮಾಡುವುದಿಲ್ಲ, ಬಿಂದಿಗೆಯವರೂ ಮಾಡುವುದಿಲ್ಲ.

ರತ್ನಮ್ಮನ ಪ್ರಶ್ನೆಗೆ ಆವತ್ತು ನಾನು ಇಷ್ಟೆಲ್ಲ ಹೇಳಲಿಲ್ಲ. ಡ್ರಿಪ್ ಪೈಪಿನ ಮಾತಷ್ಟೇ ಹೇಳಿದೆ, ತಕ್ಷಣ ಅರ್ಥವಾಯಿತು. "ಹಂಗಾದ್ರೆ ಎರಡೂವರೆದು ರೇಟೂ ಕಮ್ಮಿ ಇರ್ಬೇಕಲ್ಲ?" ಅಂದರು. ಇಲ್ಲ ಅಂದೆ. ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ ಔಷಧದ ಸ್ಟೆಂಟಿಗೆ ಗರಿಷ್ಠ 29,600 ರೂಪಾಯಿ ಎಂದು ನಿಗದಿ ಮಾಡಿದಾಗ ಅಗಲ ನೋಡಲಿಲ್ಲ. ಯಜಮಾನರದು ಅದಕ್ಕೂ ಮುಂಚಿನ ಕಾಲದ್ದು, ಮಾವಿನ ತೋಪು ಭೋಗ್ಯಕ್ಕೆ ಹಾಕಿ ಕಟ್ಟಿದ್ದರು. ಇವರದು ಆಯುಷ್ಮಾನ್ ಕಾರ್ಡಿನಲ್ಲಿ ಆಯಿತು.

ಮೂರು ತಿಂಗಳಾದ ಮೇಲೆ ಇಬ್ಬರ ಮಾತ್ರೆಯ ಹಳೇ ಸ್ಟ್ರಿಪ್ಪುಗಳನ್ನೂ ತರಿಸಿ ನೋಡಿದೆ. ಯಜಮಾನರಿಗೆ ರಾತ್ರಿ ಊಟವಾದ ಕೂಡಲೇ ಮಾತ್ರೆ ಬಿಡಿಸಿ, ನೀರಿನ ಲೋಟದ ಜತೆ ಕೈಗೆ ಕೊಡುವುದು ರತ್ನಮ್ಮ. ಅವರದು ಎಲ್ಲರ ಊಟ ಆಗಿ, ಪಾತ್ರೆ ತೊಳೆದು, ಹಸುವಿಗೆ ಹುಲ್ಲು ಹಾಕಿದ ಮೇಲೆ, ನೆನಪಾದರೆ. ಇಬ್ಬರಿಗೂ ಒಂದೇ ದಿನ ತೆಗೆದುಕೊಂಡು ಹೋಗಿದ್ದ ಮೂವತ್ತು ದಿನದ ಮಾತ್ರೆ. ಯಜಮಾನರ ಸ್ಟ್ರಿಪ್ಪಿನಲ್ಲಿ ಎರಡು ಉಳಿದಿದ್ದವು, ಆಯಮ್ಮನದರಲ್ಲಿ ಹನ್ನೊಂದು.